ವರ್ಸೇಲ್ಸ್ ಒಪ್ಪಂದವನ್ನು ಕೂತು ಓದುವುದು ಹೇಗೆ

ಭಾನುವಾರ ಬೆಳಿಗ್ಗೆ ದಾವಣಗೆರೆಯ ವಿದ್ಯಾನಗರದ ನಮ್ಮ ಮನೆ ಮಹಡಿಗೆ ಐದಾರು ಜನ ಓದಲು ಬರುತ್ತಾರೆ. ಪಿಯುಸಿಯವರು, ಡಿಗ್ರಿಯವರು, ಕೆಎಎಸ್‌ಗೆ ತಯಾರಾಗುತ್ತಿರುವವರು. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬಂದು ಇಲ್ಲಿ ರೂಮ್ ಮಾಡಿಕೊಂಡಿರುವವರೇ ಜಾಸ್ತಿ. 1ನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯಿಂದ ಗೆದ್ದವರು ಸಹಿ ಹಾಕಿಸಿಕೊಂಡ ವರ್ಸೇಲ್ಸ್ ಒಪ್ಪಂದ ಅಂದರೆ ಏನು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. ಜರ್ಮನಿಗೆ ಅವಮಾನ ಆಯಿತು, ಅದಕ್ಕೇ ಹಿಟ್ಲರ್ ಬಂದ, ಅದಕ್ಕೇ 2ನೇ ಮಹಾಯುದ್ಧ ಆಯಿತು. ಸರಿ, ಒಪ್ಪಂದದಲ್ಲಿ ಏನು ಬರೆದಿದೆ ಅಂತ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ. ಯಾಕೆಂದರೆ ಓದಿರುವುದು ಗೈಡನ್ನು, ಒಪ್ಪಂದವನ್ನಲ್ಲ.

ಅದು ಓದಲಾಗದ ಕಾಗದ ಅಲ್ಲ. ನಾವು ನಾಲ್ಕು ಭಾನುವಾರದಲ್ಲಿ ಓದಿ ಮುಗಿಸಿದೆವು. ಹೇಗೆ ಓದಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಹೀಗೇ ಓದಬಹುದು, ಒಬ್ಬರೇ ಆದರೂ ಸರಿ, ಇಬ್ಬರು ಮೂವರು ಸೇರಿದರೆ ಇನ್ನೂ ಒಳ್ಳೆಯದು.

ಶುರು ಮಾಡುವ ಮೊದಲು ನಮ್ಮ ಮನೆಯ ಒಂದು ಮಾತು ಹೇಳಬೇಕು. ನನ್ನ ಅಜ್ಜನ ಕಾಲದಲ್ಲಿ ಜಗಳೂರು ಸೀಮೆಯ ನಮ್ಮ ಹಳ್ಳಿಯಲ್ಲಿ ದಾಯಾದಿಗಳ ಜೊತೆ ಜಮೀನಿನ ಜಗಳ ಆಗಿ, ಪಂಚಾಯ್ತಿ ಸೇರಿ, ಅಜ್ಜ ಸೋತರು. ರಾಜಿಪತ್ರ ಬರೆಯುವಾಗ ಅಜ್ಜನನ್ನು ಗುಡಿಯ ಕಟ್ಟೆಯಿಂದ ಆಚೆ ಕೂರಿಸಿದ್ದರಂತೆ. ಒಳಗೆ ಎಲ್ಲ ಬರೆದಾದ ಮೇಲೆ ಕರೆದು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೋಗಿದ್ದು ಎರಡು ಎಕರೆ ಮತ್ತು ಬಾವಿಯಲ್ಲಿ ಅರ್ಧ ನೀರು. ಆದರೆ ಅಜ್ಜ ಸಾಯೋವರೆಗೂ ಹೇಳುತ್ತಿದ್ದದ್ದು ಎಕರೆಯ ಮಾತಲ್ಲ, "ನನ್ನನ್ನ ಒಂದು ಮಾತು ಕೇಳಲಿಲ್ಲ" ಅನ್ನುವುದನ್ನೇ. ಇನ್ನೊಂದು ವಿಷಯವೂ ಇದೆ. ಪತ್ರಕ್ಕೆ ಸಾಕ್ಷಿ ಹಾಕಿದ ಪಂಚರು ಆಮೇಲೆ ಈ ಕಡೆಯವರು ಬದು ಸರಿಸಿದಾಗಲೂ ಬರಲಿಲ್ಲ, ಆ ಕಡೆಯವರು ನೀರು ತಿರುಗಿಸಿದಾಗಲೂ ಬರಲಿಲ್ಲ. ಹತ್ತೇ ವರ್ಷಕ್ಕೆ ಆ ಪತ್ರ ಬರೀ ಕಾಗದವಾಯಿತು.

ಯಾವುದೇ ಸೋತ ದೇಶದ ಒಪ್ಪಂದ ಓದುವಾಗ ನಾನು ಈ ಎರಡು ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದಿರುತ್ತೇನೆ. ಬರೆಯುವಾಗ ಸೋತವರನ್ನು ಎಲ್ಲಿ ಕೂರಿಸಿದ್ದರು? ಬರೆದಾದ ಮೇಲೆ ಕಾವಲಿಗೆ ಯಾರು ನಿಂತರು? ಷರತ್ತು ಎಷ್ಟು ಕಠಿಣ ಅನ್ನುವುದು ಆಮೇಲಿನ ಮಾತು.

ಈಗ ಕೆಲಸಕ್ಕೆ ಬರೋಣ. ಒಪ್ಪಂದದ ಪೂರ್ತಿ ಪಠ್ಯ ಇಂಗ್ಲಿಷಿನಲ್ಲಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಒಟ್ಟು 15 ಭಾಗ, 440 ವಿಧಿ. ಎಲ್ಲವನ್ನೂ ಪ್ರಿಂಟ್ ತೆಗೆಸಬೇಡಿ, ದುಡ್ಡು ದಂಡ. ಭಾಗ 3, ಭಾಗ 5, ಭಾಗ 8, ಭಾಗ 14, ಈ ನಾಲ್ಕು ಸಾಕು. ಭಾಗ 3ರಲ್ಲಿ ಯುರೋಪಿನ ನೆಲದ ವಿಷಯ, 5ರಲ್ಲಿ ಸೈನ್ಯ, 8ರಲ್ಲಿ ಪರಿಹಾರದ ಹಣ, 14ರಲ್ಲಿ ಒಪ್ಪಂದ ಪಾಲಿಸುವುದಕ್ಕೆ ಜಾಮೀನು. ಉಳಿದದ್ದನ್ನು ಮೊಬೈಲಿನಲ್ಲೇ ನೋಡಿದರೆ ಆಯಿತು. ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಳ್ಳಿ. ತೆರೆದಾಗ ಎಡಗಡೆ ಪುಟಕ್ಕೆ "ಬರೆದದ್ದು", ಬಲಗಡೆಗೆ "ಆದದ್ದು" ಅಂತ ತಲೆಬರಹ ಹಾಕಿ. ಈ ಎರಡು ಪುಟವೇ ಇಡೀ ವಿಧಾನ. ಒಪ್ಪಂದದಿಂದ ತೆಗೆದ ಪ್ರತಿ ಷರತ್ತೂ ಎಡಕ್ಕೆ ಹೋಗಬೇಕು. ಅದು ನಿಜವಾಗಿ ನಡೆಯಿತಾ, ಎಷ್ಟು ನಡೆಯಿತು, ಯಾವ ವರ್ಷ ನಿಂತುಹೋಯಿತು ಅನ್ನುವುದು ಬಲಕ್ಕೆ.

ಇಂಗ್ಲಿಷಿಗೆ ಹೆದರಬೇಡಿ. ವಕೀಲರ ಭಾಷೆ, ವಾಕ್ಯ ಉದ್ದ, ಅಷ್ಟೇ. ಕ್ರಿಯಾಪದಕ್ಕೆ ಮಾತ್ರ ಗೆರೆ ಎಳೆಯುತ್ತಾ ಹೋಗಿ. ಜರ್ಮನಿ "ಬಿಟ್ಟುಕೊಡುತ್ತದೆ", ಜರ್ಮನಿ "ಒಪ್ಪಿಕೊಳ್ಳುತ್ತದೆ", ಜರ್ಮನಿ "ಮಾಡುವುದಾಗಿ ಮಾತು ಕೊಡುತ್ತದೆ". ಹೆಚ್ಚಿನ ವಿಧಿಗಳು ಈ ಮೂರರಲ್ಲಿ ಒಂದು. ಬಿಟ್ಟುಕೊಟ್ಟದ್ದು ಅಲ್ಲಿಗೇ ಮುಗಿಯಿತು. ಮಾತು ಕೊಟ್ಟದ್ದು ಮುಂದೆ ದಿನಾ ನಡೆಯಬೇಕು, ಅಂದರೆ ದಿನಾ ಯಾರಾದರೂ ನೋಡುತ್ತಿರಬೇಕು. ಈ ವ್ಯತ್ಯಾಸ ಮೊದಲೇ ತಿಳಿದಿದ್ದರೆ ಮುಂದಿನದು ತಾನಾಗಿಯೇ ಅರ್ಥವಾಗುತ್ತದೆ.

ಮೊದಲ ದಿನ ಒಪ್ಪಂದ ಮುಟ್ಟಬೇಡಿ. ತಾರೀಖುಗಳ ಒಂದು ಪುಟ ಮಾಡಿಕೊಳ್ಳಿ.

1918ರ ನವೆಂಬರ್ 11ರಂದು ಕದನ ವಿರಾಮ. ಆ ದಿನ ಜರ್ಮನಿಯ ಸೈನ್ಯ ಇನ್ನೂ ಫ್ರಾನ್ಸ್, ಬೆಲ್ಜಿಯಂ ನೆಲದಲ್ಲೇ ಇತ್ತು, ಶತ್ರು ಸೈನ್ಯ ಬರ್ಲಿನ್ ಹತ್ತಿರಕ್ಕೂ ಬಂದಿರಲಿಲ್ಲ. ಊರಿಗೆ ಮರಳಿದ ಸೈನಿಕರನ್ನು ಜನ ಹೂ ಹಾಕಿ ಬರಮಾಡಿಕೊಂಡರು. ನಾವು ಸೋತಿಲ್ಲ, ಒಳಗಿನವರೇ ಬೆನ್ನಿಗೆ ಚೂರಿ ಹಾಕಿದರು ಅನ್ನುವ ಸುಳ್ಳು ಅಷ್ಟು ಸುಲಭವಾಗಿ ನಾಟಿದ್ದಕ್ಕೆ ಇದೂ ಒಂದು ಕಾರಣ. 1919ರ ಜನವರಿ 18ರಂದು ಪ್ಯಾರಿಸ್ಸಿನಲ್ಲಿ ಶಾಂತಿ ಸಮ್ಮೇಳನ ಶುರುವಾಯಿತು. ಆ ತಾರೀಖನ್ನು ಎರಡು ಸಲ ಬರೆಯಿರಿ, ಯಾಕೆಂದರೆ 1871ರ ಅದೇ ಜನವರಿ 18ರಂದು, ಫ್ರಾನ್ಸನ್ನು ಸೋಲಿಸಿದ ಜರ್ಮನ್ನರು ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲೇ ತಮ್ಮ ಸಾಮ್ರಾಜ್ಯ ಘೋಷಿಸಿಕೊಂಡಿದ್ದರು. ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ರಂದು, ಅದೇ ಸಭಾಂಗಣದಲ್ಲಿ. ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಗಿ ಸರಿಯಾಗಿ ಐದು ವರ್ಷ. ಜಾರಿಗೆ ಬಂದದ್ದು 1920ರ ಜನವರಿ 10ರಿಂದ.

ಜನವರಿ ಮತ್ತು ಜೂನ್ ನಡುವೆ ಏನಾಯಿತು ಅನ್ನುವುದು ಮುಖ್ಯ. ಸಮ್ಮೇಳನದಲ್ಲಿ ಜರ್ಮನಿಗೆ ಜಾಗ ಇರಲಿಲ್ಲ. ಅಮೆರಿಕದ ವಿಲ್ಸನ್, ಫ್ರಾನ್ಸಿನ ಕ್ಲೆಮನ್ಸೊ, ಬ್ರಿಟನ್ನಿನ ಲಾಯ್ಡ್ ಜಾರ್ಜ್, ಇಟಲಿಯ ಒರ್ಲಾಂಡೊ, ಈ ನಾಲ್ವರೇ ಕೂತು ತೀರ್ಮಾನಿಸಿದರು. ಮೇ 7ರಂದು ಜರ್ಮನಿಯ ಪ್ರತಿನಿಧಿಗಳನ್ನು ಕರೆದು ಕಾಗದ ಕೈಗೆ ಕೊಟ್ಟರು. ಬಾಯಿಮಾತಿನ ಚರ್ಚೆ ಇಲ್ಲ, ಏನಿದ್ದರೂ 15 ದಿನದಲ್ಲಿ ಬರೆದು ಕೊಡಿ ಅಂದರು. ಜರ್ಮನಿಯ ವಿದೇಶಾಂಗ ಮಂತ್ರಿ ಬ್ರಾಕ್‌ಡೋರ್ಫ್ ರಾಂಟ್ಸಾವ್ ಎದ್ದು ನಿಲ್ಲದೆ ಕೂತೇ ಉತ್ತರ ಓದಿದರು, ಅದು ಗೆದ್ದವರಿಗೆ ಸಿಟ್ಟು ತರಿಸಿತು. ಬರೆದು ಕೊಟ್ಟದ್ದರಿಂದ ಏನೂ ಆಗಲಿಲ್ಲ ಅನ್ನಬೇಡಿ. ಮೇಲಿನ ಸೈಲೀಸಿಯಾದಲ್ಲಿ ಜನಮತ ನಡೆಸುವುದಕ್ಕೆ ಗೆದ್ದವರು ಒಪ್ಪಿದ್ದು ಆ ಪತ್ರಗಳ ನಂತರವೇ. ಕೊನೆಗೆ, ಸಹಿ ಹಾಕದಿದ್ದರೆ ಸೈನ್ಯ ಒಳಗೆ ಬರುತ್ತದೆ ಅಂತ ಗಡುವು ಕೊಟ್ಟರು. ಚಾನ್ಸಲರ್ ಶೈಡಮಾನ್ ಸಹಿಗೆ ಒಪ್ಪದೆ ರಾಜೀನಾಮೆ ಕೊಟ್ಟರು. ಸಹಿ ಹಾಕಿದ್ದು ಹರ್ಮನ್ ಮುಲ್ಲರ್ ಮತ್ತು ಯೊಹಾನೆಸ್ ಬೆಲ್. ಈ ಇಡೀ ಕಾಲ ಸಮುದ್ರದಲ್ಲಿ ಬ್ರಿಟನ್ನಿನ ದಿಗ್ಬಂಧನ ಇತ್ತು. ಮಾರ್ಚ್ ಆದ ಮೇಲೆ ಆಹಾರಕ್ಕೆ ಸ್ವಲ್ಪ ದಾರಿ ಬಿಟ್ಟರೂ ಪೂರ್ತಿ ತೆಗೆದದ್ದು ಜುಲೈನಲ್ಲಿ. ಹೊಟ್ಟೆ ಹಸಿದ ಊರಿಗೆ ಕಾಗದ ಕಳಿಸಿ ಸಹಿ ಹಾಕು ಅಂದದ್ದು ಅದು, ನೆನಪಿಟ್ಟುಕೊಳ್ಳಿ.

ನನ್ನ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಕಟ್ಟೆಯಿಂದ ಆಚೆ ಕೂರಿಸಿದ್ದರು.

ಅದೇ ಪುಟದಲ್ಲಿ ಭಾರತಕ್ಕೂ ಒಂದು ಸಾಲು ಬಿಡಿ. ನಮ್ಮವರು 13 ಲಕ್ಷದಷ್ಟು ಜನ ಆ ಯುದ್ಧಕ್ಕೆ ಹೋಗಿದ್ದರು, 70 ಸಾವಿರಕ್ಕೂ ಜಾಸ್ತಿ ಜನ ಸತ್ತರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಕುದುರೆ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಒಪ್ಪಂದಕ್ಕೆ ಭಾರತದ ಹೆಸರಿನಲ್ಲೂ ಸಹಿ ಇದೆ. ಹಾಕಿದವರು ಬ್ರಿಟನ್ನಿನ ಭಾರತ ಮಂತ್ರಿ ಮಾಂಟೆಗು ಮತ್ತು ಬಿಕಾನೇರಿನ ಮಹಾರಾಜ ಗಂಗಾ ಸಿಂಗ್. ಸಹಿ ಬೀಳುವ ಎರಡೂವರೆ ತಿಂಗಳು ಮುಂಚೆ, ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗ್ ನಡೆದಿತ್ತು. ಗೆದ್ದವರ ಸಾಲಿನಲ್ಲಿ ಕೂತ ದೇಶದೊಳಗೆ ಆ ವರ್ಷ ನಡೆದದ್ದು ಅದು. ಇದನ್ನು ಹೇಳಿದಾಗ ನಮ್ಮ ಗುಂಪಿನ ಒಬ್ಬ ಹುಡುಗಿ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ. ಗೆದ್ದವರ ಸಾಲಿನಲ್ಲೇ ಇದ್ದ ಚೀನಾ ಸಹಿ ಹಾಕಲೇ ಇಲ್ಲ, ಯಾಕೆಂದರೆ ಶಾಂಡೊಂಗ್‌ನಲ್ಲಿ ಜರ್ಮನಿಗೆ ಇದ್ದ ಹಕ್ಕನ್ನು ಚೀನಾಕ್ಕೆ ಮರಳಿಸುವ ಬದಲು ಜಪಾನಿಗೆ ಬರೆದುಕೊಟ್ಟಿದ್ದರು.

ಎರಡನೇ ಭಾನುವಾರ ನೆಲ. ಇಲ್ಲಿ ನಕ್ಷೆ ಬಿಡಿಸಲೇಬೇಕು, ಕೈಯಿಂದಲೇ ಬಿಡಿಸಿ, ಸೊಟ್ಟ ಇದ್ದರೂ ಪರವಾಗಿಲ್ಲ. ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. ಕೇಳದೆ ಕೊಟ್ಟದ್ದಕ್ಕೆ ಕೆಂಪು, ಜನರನ್ನು ಕೇಳಿ ತೀರ್ಮಾನಿಸಿದ್ದಕ್ಕೆ ಹಸಿರು, ಬೇರೆಯವರ ಕೈಯಲ್ಲಿ ಇಟ್ಟದ್ದಕ್ಕೆ ಹಳದಿ.

ಕೆಂಪು: ಅಲ್ಸಾಸ್ ಮತ್ತು ಲೊರೇನ್ ಫ್ರಾನ್ಸಿಗೆ. ಪೋಜನ್ ಮತ್ತು ಪಶ್ಚಿಮ ಪ್ರಷ್ಯಾದ ಬಹುಭಾಗ ಪೋಲೆಂಡಿಗೆ, ಇದರಿಂದ ಪೂರ್ವ ಪ್ರಷ್ಯಾ ಉಳಿದ ಜರ್ಮನಿಯಿಂದ ಕಡಿದುಹೋಯಿತು. ಸಮುದ್ರದಾಚೆಯ ಎಲ್ಲ ವಸಾಹತುಗಳೂ ಕೆಂಪೇ. ಹಸಿರು: ಶ್ಲೆಸ್ವಿಗ್‌ನಲ್ಲಿ 1920ರಲ್ಲಿ ಜನಮತ ಆಗಿ ಉತ್ತರ ಭಾಗ ಡೆನ್ಮಾರ್ಕಿಗೆ ಹೋಯಿತು, ಅದರ ಕೆಳಗಿನದು ಜರ್ಮನಿಯಲ್ಲೇ ಉಳಿಯಿತು. ಮೇಲಿನ ಸೈಲೀಸಿಯಾದಲ್ಲಿ 1921ರ ಮಾರ್ಚಿನಲ್ಲಿ ನೂರಕ್ಕೆ 60ರಷ್ಟು ಜನ ಜರ್ಮನಿ ಅಂದರು, ಆದರೂ ಕೊನೆಗೆ ಅದನ್ನು ಇಬ್ಬರಿಗೂ ಹಂಚಿದರು. ಹಳದಿ: ಕಲ್ಲಿದ್ದಲಿನ ಸಾರ್ ಪ್ರದೇಶ 15 ವರ್ಷ ರಾಷ್ಟ್ರಸಂಘದ (ಯುದ್ಧ ಮುಗಿದ ಮೇಲೆ ದೇಶಗಳು ಸೇರಿ ಕಟ್ಟಿಕೊಂಡ ಸಂಘ) ಆಡಳಿತಕ್ಕೆ, ಗಣಿಗಳು ಮಾತ್ರ ಫ್ರಾನ್ಸಿಗೆ. ಡಾಂಜಿಗ್ ಊರನ್ನೂ ಸ್ವತಂತ್ರ ನಗರ ಮಾಡಿ ರಾಷ್ಟ್ರಸಂಘದ ರಕ್ಷಣೆಯಲ್ಲಿ ಇಟ್ಟರು.

ಒಂದು ಜಾಗ ಮಾತ್ರ ಯಾವ ಬಣ್ಣಕ್ಕೂ ಸರಿಯಾಗಿ ಬರುವುದಿಲ್ಲ. ಬೆಲ್ಜಿಯಂಗೆ ಹೋದ ಓಯ್ಪನ್ ಮತ್ತು ಮಾಲ್ಮೆಡಿ. ಅಲ್ಲಿ ಗುಟ್ಟಿನ ಮತದಾನ ಇರಲಿಲ್ಲ. ಬೇಡ ಅನ್ನುವವರು ಬಂದು ರಿಜಿಸ್ಟರಿನಲ್ಲಿ ಬಹಿರಂಗವಾಗಿ ಹೆಸರು ಬರೆಯಬೇಕಿತ್ತು, ಅದೂ ಹೊಸದಾಗಿ ಬಂದ ಅಧಿಕಾರಿಗಳ ಎದುರು. ಬರೆದವರು 300ಕ್ಕೂ ಕಡಿಮೆ. ನಮ್ಮ ಗ್ರಾಮಸಭೆಯಲ್ಲಿ "ಯಾರಿಗೆ ಆಕ್ಷೇಪ ಇದೆ, ಎದ್ದು ನಿಂತು ಹೇಳಿ" ಅಂದಾಗ ಎಷ್ಟು ಜನ ಏಳುತ್ತಾರೆ ಅನ್ನುವುದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಟ್ಟು ಲೆಕ್ಕ ಹಾಕಿದರೆ ಜರ್ಮನಿ ಯುರೋಪಿನಲ್ಲಿ ಕಳೆದುಕೊಂಡದ್ದು ನೆಲದಲ್ಲಿ ನೂರಕ್ಕೆ 13, ಜನಸಂಖ್ಯೆಯಲ್ಲಿ ನೂರಕ್ಕೆ 10ರಷ್ಟು. ಇದರ ಪಕ್ಕದಲ್ಲೇ ಹಂಗೇರಿಯನ್ನು ಬರೆಯಿರಿ. 1920ರ ಜೂನ್ 4ರ ಟ್ರಿಯಾನನ್ ಒಪ್ಪಂದದಲ್ಲಿ ಹಂಗೇರಿ ಮೂರರಲ್ಲಿ ಎರಡು ಪಾಲು ನೆಲ ಕಳೆದುಕೊಂಡಿತು. ಜರ್ಮನಿಯ ಕಾರ್ಖಾನೆಗಳು, ರೈಲು, ಕಾಲೇಜು, ಆರು ಕೋಟಿ ಜನ, ಬಹುಪಾಲು ಹಾಗೇ ಉಳಿದಿದ್ದವು. ಪರೀಕ್ಷೆಯ ಉತ್ತರದಲ್ಲಿ "ಜರ್ಮನಿಯನ್ನು ಛಿದ್ರಗೊಳಿಸಲಾಯಿತು" ಅಂತ ಬರೆಯುವ ಮೊದಲು ಈ ನಕ್ಷೆ ನೋಡಿ.

ಸೈನ್ಯದ ಭಾಗ ಬೇಗ ಮುಗಿಯುತ್ತದೆ, ಬರೀ ಅಂಕಿ. ಸೈನಿಕರು 1 ಲಕ್ಷ ಮೀರಬಾರದು, ನೌಕಾಪಡೆಯಲ್ಲಿ 15 ಸಾವಿರ ಜನ, 6 ದೊಡ್ಡ ಯುದ್ಧನೌಕೆ. ಜಲಾಂತರ್ಗಾಮಿ, ಟ್ಯಾಂಕು, ಯುದ್ಧವಿಮಾನ ಇರಕೂಡದು. ಕಡ್ಡಾಯ ಸೈನಿಕ ಸೇವೆ ರದ್ದು. ಸೇರಿದ ಸೈನಿಕ 12 ವರ್ಷ ಇರಬೇಕು, ಅಧಿಕಾರಿ 25 ವರ್ಷ. ಯಾಕೆ ಅಷ್ಟು ವರ್ಷ ಅಂತ ಯೋಚಿಸಿ. ಬೇಗ ಬೇಗ ಸೇರಿಸಿ ಬಿಡಿಸಿ ಊರ ತುಂಬ ತರಬೇತಾದ ಜನ ಆಗಬಾರದು ಅಂತ. ರೈನ್ ನದಿಯ ಪಶ್ಚಿಮ ದಡದಲ್ಲಿ ಮತ್ತು ಪೂರ್ವಕ್ಕೆ 50 ಕಿಲೋಮೀಟರ್‌ವರೆಗೆ ಸೈನ್ಯ, ಕೋಟೆ ಎರಡೂ ಇರಬಾರದು. ಬಲಪುಟದಲ್ಲಿ ಏನು ಬರೆಯುವುದು? 1935ರ ಮಾರ್ಚಿನಲ್ಲಿ ಹಿಟ್ಲರ್ ಕಡ್ಡಾಯ ಸೇವೆ ಮತ್ತೆ ತಂದ, 1936ರ ಮಾರ್ಚ್ 7ರಂದು ರೈನ್‌ಲ್ಯಾಂಡಿಗೆ ಸೈನ್ಯ ಕಳಿಸಿದ. ಯಾರೂ ತಡೆಯಲಿಲ್ಲ.

ಮೂರನೇ ಭಾನುವಾರ ಹಣ. ಇದಕ್ಕೆ ಇಡೀ ಬೆಳಿಗ್ಗೆ ಬೇಕು, ತಿಂಡಿ ತಿಂದೇ ಕೂತುಕೊಳ್ಳಿ.

ಎಲ್ಲರೂ 231ನೇ ವಿಧಿಯನ್ನು ಯುದ್ಧದ ಅಪರಾಧ ಹೊರಿಸಿದ ವಿಧಿ ಅನ್ನುತ್ತಾರೆ. ತೆಗೆದು ಓದಿ. ಜರ್ಮನಿ ಮತ್ತು ಅದರ ಮಿತ್ರರ ಆಕ್ರಮಣದಿಂದ ತಮ್ಮ ಮೇಲೆ ಬಿದ್ದ ಯುದ್ಧದಲ್ಲಿ ಗೆದ್ದವರಿಗೆ ಆದ ಎಲ್ಲ ನಷ್ಟ, ಹಾನಿಗೆ ಜರ್ಮನಿ ಮತ್ತು ಮಿತ್ರರು ಹೊಣೆ, ಇದನ್ನು ಜರ್ಮನಿ ಒಪ್ಪುತ್ತದೆ ಅಂತ ಇದೆ. "ಅಪರಾಧ" ಅನ್ನುವ ಪದ ಅದರಲ್ಲಿ ಇಲ್ಲ. ಇದೇ ತರಹದ ವಿಧಿ ಆಸ್ಟ್ರಿಯಾ ಮತ್ತು ಹಂಗೇರಿಯ ಒಪ್ಪಂದಗಳಲ್ಲೂ ಇದೆ. ಈಗ ನಿಲ್ಲಿಸದೆ 232 ಓದಿ. ಪೂರ್ತಿ ಹಾನಿ ತುಂಬಿಕೊಡುವಷ್ಟು ಜರ್ಮನಿಯ ಹತ್ತಿರ ಇಲ್ಲ ಅನ್ನುವುದನ್ನು ಗೆದ್ದವರೇ ಅಲ್ಲಿ ಒಪ್ಪಿದ್ದಾರೆ, ನಾಗರಿಕರಿಗೂ ಅವರ ಆಸ್ತಿಗೂ ಆದ ಹಾನಿಯನ್ನು ಕೊಟ್ಟರೆ ಸಾಕು ಅಂದಿದ್ದಾರೆ. ಅಂದರೆ ಒಂದು ವಿಧಿ ಹೊಣೆಯನ್ನು ಪೂರ್ತಿ ಹೊರಿಸುತ್ತದೆ, ಮುಂದಿನದು ಕೊಡುವುದನ್ನು ಕಡಿಮೆ ಮಾಡುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು ಅಂತಲೇ ಪಕ್ಕಪಕ್ಕ ಬರೆದದ್ದು. ಜರ್ಮನಿಯಲ್ಲಿ ಜನ ಮೊದಲನೆಯದನ್ನೇ ಓದಿದರು, ಅದು ಅವರ ಎದೆಗೆ ತಾಗಿತು. ತಾಗಿದ್ದೂ ನಿಜವೇ, ಅದನ್ನು ತಳ್ಳಿಹಾಕಬೇಡಿ. ಎಡಪುಟದಲ್ಲಿ ವಿಧಿಯ ಅರ್ಥ, ಬಲಪುಟದಲ್ಲಿ ಜನ ಅದನ್ನು ಹೇಗೆ ಕೇಳಿಸಿಕೊಂಡರು ಅನ್ನುವುದು, ಎರಡೂ ಇರಲಿ.

ಎಷ್ಟು ಹಣ? ಇಲ್ಲಿ ಬಹಳ ಜನ ಎಡವುತ್ತಾರೆ. ಒಪ್ಪಂದದಲ್ಲಿ ಒಟ್ಟು ಮೊತ್ತವೇ ಇಲ್ಲ. ಒಂದು ಪರಿಹಾರ ಆಯೋಗ 1921ರ ಮೇ 1ರೊಳಗೆ ಲೆಕ್ಕ ಹಾಕಲಿ, ಅಷ್ಟರೊಳಗೆ 2,000 ಕೋಟಿ ಚಿನ್ನದ ಮಾರ್ಕ್ ಮೌಲ್ಯದ್ದು ಕೊಡಲಿ ಅಂತ ಮಾತ್ರ ಇದೆ. ಬರೆಯದ ಚೆಕ್ಕಿಗೆ ಸಹಿ ಹಾಕಿಸಿಕೊಂಡಂತೆ ಆಯಿತು, ನನಗೆ ಇಡೀ ಒಪ್ಪಂದದಲ್ಲಿ ಎಲ್ಲಕ್ಕಿಂತ ತಪ್ಪು ಅನ್ನಿಸುವುದು ಇದೇ. 1921ರಲ್ಲಿ ಲಂಡನ್ನಿನಲ್ಲಿ ತೀರ್ಮಾನವಾದ ಮೊತ್ತ 13,200 ಕೋಟಿ ಚಿನ್ನದ ಮಾರ್ಕ್. ಆ ಅಂಕಿ ನೋಡಿ ಗಾಬರಿಯಾಗುತ್ತದೆ, ಅಲ್ವಾ? ಈಗ ಅದನ್ನು ಒಡೆದು ನೋಡಿ. ಅದನ್ನು ಎ, ಬಿ, ಸಿ ಅಂತ ಮೂರು ತರಹದ ಬಾಂಡು ಮಾಡಿದ್ದರು. ಎ 1,200 ಕೋಟಿ, ಬಿ 3,800 ಕೋಟಿ, ಸಿ 8,200 ಕೋಟಿ. ಈ ಸಿ ಬಾಂಡುಗಳು ಜರ್ಮನಿಗೆ ಶಕ್ತಿ ಬಂದಾಗ ಮಾತ್ರ, ಅಂದರೆ ಬರುವುದಿಲ್ಲ ಅಂತ ಬರೆದವರಿಗೂ ಗೊತ್ತಿತ್ತು. ನಿಜವಾದ ಬೇಡಿಕೆ 5,000 ಕೋಟಿ. ಹಾಗಾದರೆ ದೊಡ್ಡ ಅಂಕಿ ಯಾಕೆ? ಫ್ರಾನ್ಸ್, ಬ್ರಿಟನ್ನಿನ ಮತದಾರರಿಗೆ ತೋರಿಸುವುದಕ್ಕೆ. ನಮ್ಮ ಮಂಡಿ ಪೇಟೆಯಲ್ಲಿ ಹಳೇ ಬಾಕಿಯನ್ನು ಬಡ್ಡಿ ಚಕ್ರಬಡ್ಡಿ ಸೇರಿಸಿ ಖಾತೆಯಲ್ಲಿ ಹಾಗೇ ಇಟ್ಟುಕೊಂಡು, ವಸೂಲಿಗೆ ಹೋಗುವಾಗ ಅಸಲು ಬಂದರೆ ಸಾಕು ಅನ್ನುವವರನ್ನು ನೋಡಿಲ್ಲವೇ. ಆದರೆ ಆ ಅಂಕಿಯನ್ನು ಜರ್ಮನಿಯ ಮತದಾರರೂ ನೋಡಿದರು.

ಹಣ ಮಾತ್ರ ಅಲ್ಲ. ಭಾಗ 8ರ ಅನುಬಂಧ 4 ಬಿಡಬೇಡಿ. ನಮ್ಮ ಕಡೆ ಮಕ್ಕಳಿಗೆ ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾದದ್ದು ಅದೇ. ಫ್ರಾನ್ಸಿಗೆ 90,000 ಕರೆಯುವ ಹಸು, 2,000 ಹೋರಿ, 30,000 ಹೆಣ್ಣು ಕುದುರೆ ಮತ್ತು ಮರಿ, 1,00,000 ಕುರಿ, 10,000 ಮೇಕೆ. ಬೆಲ್ಜಿಯಂಗೆ ಬೇರೆ 50,000 ಕರೆಯುವ ಹಸು. ಅದೂ ಮೂರೇ ತಿಂಗಳಲ್ಲಿ. ಜರ್ಮನ್ ಸೈನ್ಯ ನಾಲ್ಕು ವರ್ಷ ಆ ಊರುಗಳ ಕೊಟ್ಟಿಗೆ ಖಾಲಿ ಮಾಡಿತ್ತು, ಅದು ಸತ್ಯ. ದಿಗ್ಬಂಧನದಲ್ಲಿ ಹಾಲಿಲ್ಲದ ಜರ್ಮನಿಯ ಮಕ್ಕಳದ್ದೂ ಸತ್ಯ. ಹಳ್ಳಿಯಿಂದ ಬಂದ ಹುಡುಗನಿಗೆ ಇದನ್ನು ಓದಿ ಹೇಳಿದರೆ ಯಾವ ಪಕ್ಷ ಹಿಡಿಯಬೇಕು ಅಂತ ಗೊತ್ತಾಗದೆ ಯೋಚನೆ ಮಾಡುತ್ತಾನೆ. ಆ ಯೋಚನೆ ಬರಲಿ ಅಂತಲೇ ಈ ಅನುಬಂಧ ಓದಿಸುವುದು.

ಬಲಪುಟಕ್ಕೆ ಬನ್ನಿ. 1923ರ ಜನವರಿಯಲ್ಲಿ ಮರ, ಕಲ್ಲಿದ್ದಲು ಸರಿಯಾಗಿ ಕೊಡಲಿಲ್ಲ ಅಂತ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯ ಜರ್ಮನಿಯ ಗಣಿ, ಕಾರ್ಖಾನೆಗಳ ರೂರ್ ಕಣಿವೆಗೆ ನುಗ್ಗಿತು. ಕಾರ್ಮಿಕರು ಕೆಲಸ ನಿಲ್ಲಿಸಿದರು, ಅವರಿಗೆ ಕೂಲಿ ಕೊಡಲು ಸರ್ಕಾರ ನೋಟು ಅಚ್ಚು ಹಾಕಿತು. ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಇದಕ್ಕೆ ಪರಿಹಾರದ ಹಣವೊಂದೇ ಕಾರಣ ಅಂತ ಬರೆಯಬೇಡಿ. ಯುದ್ಧದ ಖರ್ಚನ್ನು ತೆರಿಗೆಯಿಂದ ಎತ್ತದೆ ಸಾಲದಿಂದ ಮಾಡಿದ್ದರಿಂದ ಮಾರ್ಕ್ ಬೆಲೆ ಆಗಲೇ ಇಳಿಯುತ್ತಿತ್ತು. ಆಮೇಲೆ 1924ರ ಡಾವ್ಸ್ ಯೋಜನೆ, 1929ರ ಯಂಗ್ ಯೋಜನೆ, ಎರಡರಲ್ಲೂ ಕಂತು ಹಗುರ ಮಾಡಿದರು. 1931ರಲ್ಲಿ ಅಮೆರಿಕದ ಅಧ್ಯಕ್ಷ ಹೂವರ್ ಒಂದು ವರ್ಷ ತಡೆ ಕೊಟ್ಟರು, 1932ರಲ್ಲಿ ಲೋಸಾನ್‌ನಲ್ಲಿ ಹೆಚ್ಚುಕಡಿಮೆ ಮುಗಿಸಿಯೇಬಿಟ್ಟರು. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರಲ್ಲಿ. ಈ ಎರಡು ವರ್ಷವನ್ನು ಪಕ್ಕಪಕ್ಕ ಬರೆದು ಒಂದು ಚೌಕ ಹಾಕಿ. ಒಟ್ಟು ಕೊಟ್ಟದ್ದು ಸುಮಾರು 2,000 ಕೋಟಿ ಚಿನ್ನದ ಮಾರ್ಕ್. ಕಂತು ಕಟ್ಟಲು ಆಗ ಎತ್ತಿದ ಸಾಲದ ಕೊನೆಯ ಬಡ್ಡಿ ತೀರಿದ್ದು ಮಾತ್ರ 2010ರ ಅಕ್ಟೋಬರ್ 3ರಂದು.

ನಾಲ್ಕನೇ ಭಾನುವಾರ ಭಾಗ 14. ಬರೀ ಆರು ವಿಧಿ, 428ರಿಂದ 433. ಪರೀಕ್ಷೆಯಲ್ಲಿ ಕೇಳುವುದಿಲ್ಲ, ಅದಕ್ಕೇ ಯಾರೂ ಓದುವುದಿಲ್ಲ, ನನ್ನ ಎರಡನೇ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ. ಜರ್ಮನಿ ಮಾತು ಉಳಿಸಿಕೊಳ್ಳುವುದಕ್ಕೆ ಜಾಮೀನಾಗಿ ರೈನ್ ನದಿಯ ಪಶ್ಚಿಮದ ನೆಲದಲ್ಲಿ ಗೆದ್ದವರ ಸೈನ್ಯ 15 ವರ್ಷ ಇರುತ್ತದೆ, ಜರ್ಮನಿ ಸರಿಯಾಗಿ ನಡೆದುಕೊಂಡರೆ 5 ವರ್ಷಕ್ಕೆ ಒಂದು ಭಾಗ, 10ಕ್ಕೆ ಇನ್ನೊಂದು, 15ಕ್ಕೆ ಉಳಿದದ್ದು ಬಿಡುತ್ತಾರೆ. ಕಾಗದದಲ್ಲಿ ಚೆನ್ನಾಗೇ ಇದೆ. ಬಲಪುಟದಲ್ಲಿ ಬರೆಯಿರಿ: ಕೊನೆಯ ಸೈನಿಕ ಹೊರಟದ್ದು 1930ರ ಜೂನ್ 30ರಂದು, ಐದು ವರ್ಷ ಮೊದಲೇ.

ಅದಕ್ಕಿಂತ ದೊಡ್ಡ ಜಾಮೀನು ಈ ಕಾಗದದ ಹೊರಗೆ ಇತ್ತು. ಜರ್ಮನಿ ಮತ್ತೆ ದಾಳಿ ಮಾಡಿದರೆ ನಿಮ್ಮ ಜೊತೆ ನಿಲ್ಲುತ್ತೇವೆ ಅಂತ ಅಮೆರಿಕ ಮತ್ತು ಬ್ರಿಟನ್ ಫ್ರಾನ್ಸಿಗೆ ಬೇರೆ ಕಾಗದದಲ್ಲಿ ಮಾತು ಕೊಟ್ಟಿದ್ದವು. ಆ ಮಾತು ನಂಬಿಯೇ ಕ್ಲೆಮನ್ಸೊ ರೈನ್‌ಲ್ಯಾಂಡನ್ನು ಜರ್ಮನಿಯಿಂದ ಬೇರೆ ಮಾಡುವ ಹಟ ಬಿಟ್ಟದ್ದು. ಆದರೆ ಅಮೆರಿಕದ ಸೆನೆಟ್ 1919ರ ನವೆಂಬರಿನಲ್ಲಿ ಒಮ್ಮೆ, 1920ರ ಮಾರ್ಚಿನಲ್ಲಿ ಮತ್ತೊಮ್ಮೆ ವರ್ಸೇಲ್ಸ್ ಒಪ್ಪಂದವನ್ನೇ ತಿರಸ್ಕರಿಸಿತು. ಬ್ರಿಟನ್ನಿನ ಮಾತು ಅಮೆರಿಕದ ಮಾತಿಗೆ ಕಟ್ಟಿತ್ತು, ಅದೂ ಬಿದ್ದುಹೋಯಿತು. ವಿಲ್ಸನ್ ಅಷ್ಟು ಆಸೆಪಟ್ಟು ಕಟ್ಟಿದ ರಾಷ್ಟ್ರಸಂಘಕ್ಕೆ ಅವರ ದೇಶವೇ ಸೇರಲಿಲ್ಲ. ಸಾಕ್ಷಿ ಹಾಕಿದ ಪಂಚರಲ್ಲಿ ದೊಡ್ಡವರು ಎದ್ದು ಹೋದ ಮೇಲೆ ಕಾವಲಿಗೆ ಉಳಿದದ್ದು ಫ್ರಾನ್ಸ್ ಒಂದೇ. ಒಂದು ಸಲ ಸಿಟ್ಟಿನಿಂದ ರೂರ್‌ಗೆ ನುಗ್ಗಿತು, ಇನ್ನೊಂದು ಸಲ, ನಿಜವಾಗಿ ನಿಲ್ಲಬೇಕಾದ 1936ರಲ್ಲಿ, ಕೂತು ನೋಡಿತು.

ಇಲ್ಲಿಗೆ ವರ್ಸೇಲ್ಸ್ ಮುಗಿಯಿತು, ಆದರೆ ಹೋಲಿಸದೆ ಬಿಡಬೇಡಿ. ಎರಡು ಒಪ್ಪಂದ ಪಕ್ಕದಲ್ಲಿ ಇಟ್ಟರೆ ಸಾಕು. 1871ರ ಫ್ರಾಂಕ್‌ಫರ್ಟ್ ಒಪ್ಪಂದದಲ್ಲಿ ಜರ್ಮನಿ ಫ್ರಾನ್ಸಿನಿಂದ 500 ಕೋಟಿ ಫ್ರಾಂಕ್ ಕೇಳಿತು, ಅಂಕಿ ಮೊದಲೇ ಬರೆದಿತ್ತು, ಹಣ ಬರುವವರೆಗೂ ಸೈನ್ಯ ಅಲ್ಲೇ ಕೂತಿತ್ತು. ಫ್ರಾನ್ಸ್ 1873ಕ್ಕೇ ತೀರಿಸಿತು. 1918ರ ಮಾರ್ಚ್ 3ರ ಬ್ರೆಸ್ಟ್ ಲಿಟೋವ್‌ಸ್ಕ್ ಒಪ್ಪಂದದಲ್ಲಿ ಅದೇ ಜರ್ಮನಿ ಸೋತ ರಷ್ಯಾದಿಂದ ಪೋಲೆಂಡ್, ಬಾಲ್ಟಿಕ್ ನೆಲ, ಉಕ್ರೇನ್ ಎಲ್ಲ ಬಿಡಿಸಿತು. ಸೋಲುವ ಮೊದಲು ಗೆದ್ದಾಗ ಜರ್ಮನಿ ಏನು ಬರೆಸಿಕೊಳ್ಳುತ್ತಿತ್ತು ಅನ್ನುವುದು ತಿಳಿಯದೆ ವರ್ಸೇಲ್ಸ್ ಕಠಿಣವೋ ಅಲ್ಲವೋ ಅಂತ ಹೇಳಲು ಆಗುವುದಿಲ್ಲ.

ನಮ್ಮದೇ ನೆಲದ್ದು ಬೇಕೆಂದರೆ 1792ರ ಶ್ರೀರಂಗಪಟ್ಟಣ ಒಪ್ಪಂದ ಇದೆ. ಅದನ್ನು ನಾವು ಓದಿದ್ದು ಚಿತ್ರದುರ್ಗದ ಕೋಟೆ ಮೇಲೆ. ಬಸ್ಸಿನಲ್ಲಿ ಒಂದೂವರೆ ಗಂಟೆ, ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. 1779ರಲ್ಲಿ ಹೈದರಾಲಿ ಆ ಕೋಟೆ ಹಿಡಿದಾಗ ಮದಕರಿ ನಾಯಕನ ಜೊತೆ ಯಾವ ಒಪ್ಪಂದವೂ ಆಗಲಿಲ್ಲ, ನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಆ ರಾಜ್ಯ ಅಲ್ಲಿಗೇ ಮುಗಿಯಿತು. ಅದಾಗಿ ಹದಿಮೂರೇ ವರ್ಷಕ್ಕೆ ಹೈದರನ ಮಗ ಟಿಪ್ಪು ಸೋತು ಕೂತಾಗ ಕಾಗದ ಬಂತು: ಅರ್ಧ ರಾಜ್ಯ ಕಂಪನಿ, ನಿಜಾಮ, ಮರಾಠರಿಗೆ, 3 ಕೋಟಿ 30 ಲಕ್ಷ ರೂಪಾಯಿ, ಸೆರೆಯಾಳುಗಳ ಬಿಡುಗಡೆ, ಹಣಕ್ಕೆ ಜಾಮೀನಾಗಿ ಇಬ್ಬರು ಗಂಡುಮಕ್ಕಳು ಒತ್ತೆ. ಮಕ್ಕಳು 1794ರಲ್ಲಿ ಹಿಂದಿರುಗಿದರು. ಅದೇ ಎರಡು ಪುಟದ ವಿಧಾನ ಇಲ್ಲೂ ನಡೆಯುತ್ತದೆ: ನೆಲ, ಹಣ, ಜಾಮೀನು ಮೂರೂ ಎಡಕ್ಕೆ, 1799 ಬಲಕ್ಕೆ.

ಉತ್ತರ ಬರೆಯುವಾಗ ಒಂದು ಮಾತು. ಷರತ್ತುಗಳನ್ನು ಪಟ್ಟಿ ಮಾಡಿ ಕೊನೆಗೆ "ಹೀಗಾಗಿ 2ನೇ ಮಹಾಯುದ್ಧಕ್ಕೆ ಕಾರಣವಾಯಿತು" ಅಂತ ಬರೆಯುವುದು ಎಲ್ಲರೂ ಮಾಡುತ್ತಾರೆ. ನೀವು ಎಡಪುಟದ ಮೂರು ಷರತ್ತು ತೆಗೆದುಕೊಳ್ಳಿ, ನೆಲದ್ದೊಂದು, ಸೈನ್ಯದ್ದೊಂದು, ಹಣದ್ದೊಂದು. ಪ್ರತಿಯೊಂದಕ್ಕೂ ಬಲಪುಟದಿಂದ ಒಂದು ವರ್ಷ, ಒಂದು ಘಟನೆ ಜೋಡಿಸಿ. ಸಾರ್ ಬರೆದರೆ 1935ರ ಜನಮತ ಬರಲಿ, ಅಲ್ಲಿ ನೂರಕ್ಕೆ 90 ಮೀರಿ ಜನ ಜರ್ಮನಿ ಅಂದರು. ರೈನ್‌ಲ್ಯಾಂಡ್ ಬರೆದರೆ 1930 ಮತ್ತು 1936 ಎರಡೂ ಬರಲಿ. 231 ಬರೆದರೆ 232 ಬಿಡಬೇಡಿ. ನಡುವೆ ಮೇ 7 ಮತ್ತು ಅಮೆರಿಕದ ಸೆನೆಟ್ ಬಂದರೆ ಉತ್ತರಕ್ಕೆ ಬೆನ್ನೆಲುಬು ಬಂದಂತೆ. ಜಾಗ ಕಡಿಮೆ ಇದ್ದರೆ ಷರತ್ತು ಎರಡಕ್ಕೆ ಇಳಿಸಿ, ಬಲಪುಟ ಮಾತ್ರ ಇಳಿಸಬೇಡಿ.

ಕೈ ಪಳಗಿದೆಯಾ ಅಂತ ನೋಡಿಕೊಳ್ಳಬೇಕೆಂದರೆ ತುರ್ಕಿಯ ಮೇಲೆ 1920ರ ಆಗಸ್ಟ್ 10ರಂದು ಹಾಕಿದ ಸೆವ್ರ್ ಒಪ್ಪಂದ ತೆಗೆಯಿರಿ. ಮುಸ್ತಫಾ ಕೆಮಾಲ್ ಅದನ್ನು ಒಪ್ಪದೆ ಕಾದಿದ್ದರಿಂದ 1923ರ ಜುಲೈ 24ರಂದು ಲೋಸಾನ್‌ನಲ್ಲಿ ಹೊಸದು ಬರೆಯಬೇಕಾಯಿತು, ಆ ಸಲ ತುರ್ಕಿ ಮೇಜಿನ ಹತ್ತಿರ ಕೂತಿತ್ತು. ಅದಾದ ಮೇಲೆ 1952ರ ಜೂನ್ 9ರಂದು ಭಾರತ ಜಪಾನಿನ ಜೊತೆ ಬೇರೆಯಾಗಿ ಮಾಡಿಕೊಂಡ ಶಾಂತಿ ಒಪ್ಪಂದ ಓದಿ. ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನಕ್ಕೆ ಹೋಗದೆ ಇಬ್ಬರೇ ಕೂತು ಬರೆದದ್ದು ಅದು. ಪರಿಹಾರದ ಹಣ ನಮಗೆ ಬೇಡ ಅಂತ ಭಾರತ ಅದರಲ್ಲಿ ಬಿಟ್ಟುಕೊಟ್ಟಿದೆ. ವರ್ಸೇಲ್ಸಿನ ಮುಂದೆ ಅದು ತೀರಾ ಚಿಕ್ಕದು, ಒಂದೇ ಬೆಳಿಗ್ಗೆಯಲ್ಲಿ ಓದಿ ಮುಗಿಯುತ್ತದೆ. ನಾವು ಬರುವ ಭಾನುವಾರ ಅದನ್ನೇ ತೆಗೆಯುತ್ತಿದ್ದೇವೆ.